ಸೋಲುತ್ತಿದ್ದವರೇ ಹೊತ್ತು ಕಳೆದ ಆಟ

ಮುಂಬಯಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ತುಮಕೂರಿನವರು ಸಮುದ್ರ ಹೇಗಿತ್ತು ಎಂದು ಕೇಳುತ್ತಾರೆ. ನಾನು ಸಮುದ್ರ ನೋಡಲಿಲ್ಲ. ರಾಣಿಯ ಹೆಸರಿನ ದೊಡ್ಡ ಸ್ಟೇಷನ್ನಿನಲ್ಲಿ ಇಳಿದೆನಾದರೂ ಅದರ ಗೋಪುರವನ್ನು ತಲೆಯೆತ್ತಿ ನೋಡುವಷ್ಟು ಜಾಗವನ್ನು ಜನ ನನಗೆ ಬಿಡಲಿಲ್ಲ. ಮತ್ತೇನು ನೋಡಿದಿರಿ ಎಂದರೆ, ಒಂದು ಫುಟ್‌ಬಾಲ್ ಮೈದಾನ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. "ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇನ್ರೀ? ನಮ್ಮ ಹೈಸ್ಕೂಲ್ ಹಿಂದೇನೇ ಇದೆಯಲ್ಲ" ಎಂದರು ನಮ್ಮ ಹೆಡ್‌ಮಾಸ್ಟರು. ಅವರ ಮಾತು ಸುಳ್ಳಲ್ಲ.

ನಾನು ಡ್ರಿಲ್ ಮೇಷ್ಟ್ರು. ಬಾಯಲ್ಲಿ ಸೀಟಿ ಇಟ್ಟುಕೊಂಡು ಮಕ್ಕಳ ಹಿಂದೆ ಓಡಿ ಓಡಿ ಎರಡು ಮೊಣಕಾಲೂ ಕೈಕೊಟ್ಟಿವೆ. ಇಂಥವನನ್ನು ಮುಂಬಯಿಗೆ ಕರೆಸಿಕೊಂಡವನು ನನ್ನ ಷಡ್ಡಕ ವೆಂಕಟೇಶಯ್ಯ. ಅವನು ವಡಾಲದಲ್ಲಿದ್ದಾನೆ, ಬಂದರಿನ ಕಚೇರಿಯಲ್ಲಿ ಗುಮಾಸ್ತ. ಹೊತ್ತು ಹೋಗದ್ದಕ್ಕೆ ಅಲ್ಲಿನ ಕನ್ನಡಿಗರ ಒಂದು ಸಂಘಕ್ಕೆ ಕಾರ್ಯದರ್ಶಿ. ಆ ಸಂಘ ವರ್ಷಕ್ಕೊಮ್ಮೆ ಫುಟ್‌ಬಾಲ್ ಆಡಿಸಿ ಒಂದು ಶೀಲ್ಡ್ ಕೊಡುತ್ತದೆ. ಈ ಸಲ ಕೊನೆಯ ಆಟಕ್ಕೆ ಉಳಿದವರು ಎರಡು ತಂಡ. ಒಂದು, ವಡಾಲದ ಉಡುಪಿ ಹೋಟೆಲೊಂದರ ಕೆಲಸಗಾರರು. ಇನ್ನೊಂದು, ಭಾಂಡುಪಿನಲ್ಲಿರುವ ಬೆಳಗಾವಿ, ಧಾರವಾಡದ ಕಡೆಯ ಅಂಗಡಿ, ಆಫೀಸಿನವರು. ಶೀಲ್ಡ್ ಸದ್ಯಕ್ಕೆ ಭಾಂಡುಪಿನವರ ಬಳಿಯಿತ್ತು. ಕರಾವಳಿಯವನು ರೆಫರಿಯಾದರೆ ಇವರು ಒಪ್ಪುವುದಿಲ್ಲ, ಧಾರವಾಡದವನಾದರೆ ಅವರು ಒಪ್ಪುವುದಿಲ್ಲ. "ಭಾವ, ನೀವು ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ. ನೀವೇ ಬರಬೇಕು" ಎಂದು ವೆಂಕಟೇಶಯ್ಯ ಬರೆದ. ಯಾರ ಕಡೆಯವನೂ ಅಲ್ಲ ಅನ್ನುವುದೇ ಒಂದು ಯೋಗ್ಯತೆಯಾಗಿ ನನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಹೊರಟೆ.

ಹರಿಹರ ದಾಟಿದ ಮೇಲೆ

ಹರಿಹರದ ಸೇತುವೆ ದಾಟಿದರೆ ನಮ್ಮ ಮೈಸೂರು ಸಂಸ್ಥಾನ ಮುಗಿಯಿತು. ಆಚೆ ದಡದಿಂದ ಮುಂಬಯಿ ಪ್ರಾಂತ್ಯ. ಮಾತು ಕನ್ನಡವೇ ಆದರೂ ನನ್ನ ಮಟ್ಟಿಗೆ ಅದು ಹೊರದೇಶವೇ, ಏಕೆಂದರೆ ಅಲ್ಲಿ ಪಾನನಿರೋಧ. ಗಾಡಿ ನಿಂತದ್ದೇ ಪೊಲೀಸಿನವನೊಬ್ಬ ಹತ್ತಿ ಎಲ್ಲರ ಗಂಟುಮೂಟೆ ಬಿಚ್ಚಿಸಿದ. ನನ್ನ ಚೀಲದಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಾಟ್ಲಿ ಇತ್ತು. ಬಿರಡೆ ತೆಗೆದು ಮೂಸಿದವನ ಕಣ್ಣು ಅಗಲವಾಯಿತು.

"ಏನ್ರೀ ಇದು?"

"ಮೊಣಕಾಲಿನ ಎಣ್ಣೆ ಸ್ವಾಮಿ."

"ಹೌದಾ? ಹಚ್ಚಿ ತೋರಸ್ರಿ ಹಂಗಾರ."

ಗಾಡಿ ತುಂಬಾ ಜನ. ಪಂಚೆ ಮೇಲೆತ್ತಿ ಎರಡೂ ಮೊಣಕಾಲಿಗೆ ತಿಕ್ಕಿಕೊಂಡೆ. ಕರ್ಪೂರದ ಘಾಟಿಗೆ ಒಂದು ಕೂಸು ಅಳತೊಡಗಿತು. ಪೊಲೀಸಿನವನಿಗೆ ಸಮಾಧಾನವಾಗಿ ಬಾಟ್ಲಿ ವಾಪಸು ಕೊಟ್ಟ. ಅಷ್ಟಕ್ಕೆ ಮುಗಿಯಲಿಲ್ಲ. ಎದುರು ಕೂತಿದ್ದ ಮುದುಕರು ತಮ್ಮ ಸೊಂಟಕ್ಕೆ ಸ್ವಲ್ಪ ಕೇಳಿದರು, ಅವರ ಪಕ್ಕದವರು ಭುಜಕ್ಕೆ. ಹುಬ್ಬಳ್ಳಿ ಬರುವ ಹೊತ್ತಿಗೆ ಬಾಟ್ಲಿಯ ತಳ ಕಾಣುತ್ತಿತ್ತು, ಮುಂದೆ ಅದು ಬೇಕಾದಾಗ ನನಗೆ ಉಳಿದಿರಲಿಲ್ಲ.

ಪೂನಾ

ಪೂನಾದಲ್ಲಿ ಸಣ್ಣ ಹಳಿಯ ಗಾಡಿ ಇಳಿದು ದೊಡ್ಡ ಹಳಿಯ ಗಾಡಿ ಹತ್ತಬೇಕು. ನಿದ್ದೆಗೆಟ್ಟು ತಲೆ ದಿಮ್ಮೆನ್ನುತ್ತಿತ್ತು. ಇಲ್ಲಿಂದ ಮುಂದಿನ ಜನರ ರೀತಿಯೇ ಬೇರೆ. ನಮ್ಮೂರಲ್ಲಿ ಗಾಡಿಯ ಕೂಗು ಕೇಳಿದ ಮೇಲೆ ಮನೆಯಲ್ಲಿ ಕಾಫಿ ಕುಡಿದು ಸ್ಟೇಷನ್ನಿಗೆ ಹೊರಡುತ್ತೇವೆ. ಇವರು ಗಾಡಿ ನಿಲ್ಲುವ ಮೊದಲೇ ಇಳಿಯುತ್ತಾರೆ, ಬರುವ ಮೊದಲೇ ಹತ್ತಿರುತ್ತಾರೆ. ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವುದನ್ನು ಕಂಡಿದ್ದೆ. ಇಲ್ಲೊಬ್ಬ ತನ್ನ ಅತ್ತೆಯನ್ನೇ ಕಿಟಕಿಯಿಂದ ಒಳಗೆ ದಾಟಿಸಿದ. ಆಕೆ ಕೂತು, ಸೆರಗು ಸರಿಪಡಿಸಿಕೊಂಡು, ಏನೂ ಆಗದವರಂತೆ ಎಲೆ ಅಡಿಕೆ ಹಾಕಿಕೊಂಡರು. ಮುಂಬಯಿ ಮುಟ್ಟುವವರೆಗೂ ನಾನು ನಿಂತೇ ಇದ್ದೆ.

ವಡಾಲ

ವೆಂಕಟೇಶಯ್ಯನ ಬಿಲ್ಡಿಂಗಿನಲ್ಲಿ ಒಂದೊಂದು ಮಹಡಿಗೆ ಒಂದೇ ನಲ್ಲಿ. ಬೆಳಕು ಹರಿಯುವ ಮೊದಲೇ ಕೊಡಪಾನಗಳ ಸದ್ದು. ಜುಲೈ ತಿಂಗಳು, ಒಗೆದ ಬಟ್ಟೆ ಒಣಗುವುದಿಲ್ಲ, ಒಣಗಿದ್ದು ಒಣಗಿದ ಹಾಗೆ ಇರುವುದಿಲ್ಲ. "ಭಾವ, ಜಲ್ದಿ ಸ್ನಾನ ಮಾಡ್ಬಿಡಿ, ನೀರು ಹೋಗುತ್ತೆ" ಎಂದು ಅವನು ನನ್ನನ್ನು ಎಬ್ಬಿಸಿದ. ಆ ಊರಿನಲ್ಲಿ ಯಾರೂ ನಡೆಯುವುದನ್ನು ನಾನು ಕಾಣಲಿಲ್ಲ. ಲೋಕಲ್ ಹೋದರೆ ಇನ್ನೊಂದು ಲೋಕಲ್ ಬರುತ್ತದೆಂದು ಅವರಿಗೆ ಗೊತ್ತು, ಆದರೂ ಓಡುತ್ತಾರೆ. ಅದನ್ನು ನೋಡಿಯೇ ನನಗೆ ಆಯಾಸವಾಗುತ್ತಿತ್ತು.

ಆಟದ ಹಿಂದಿನ ದಿನ ಸಂಜೆ ವೆಂಕಟೇಶಯ್ಯ ನನ್ನನ್ನು ಅದೇ ಉಡುಪಿ ಹೋಟೆಲಿಗೆ ಕರೆದೊಯ್ದ. ಹೋಟೆಲಿನ ಧಣಿ ಉಪಾಧ್ಯರು, ಜುಟ್ಟು, ಕಿವಿಯಲ್ಲಿ ಒಂಟಿ, ಬರಿಮೈ ಮೇಲೊಂದು ಶಾಲು. ಗಲ್ಲಾದ ಹಿಂದೆ ಕೂತೇ ಇಡೀ ಹೋಟೆಲನ್ನು ಕಣ್ಣಿನಲ್ಲಿ ನಡೆಸುತ್ತಿದ್ದರು. ನಾನು ರೆಫರಿ ಎಂದು ತಿಳಿದು ಎದ್ದು ಬಂದು ತಾವೇ ದೋಸೆ ತಂದಿಟ್ಟರು.

"ಆಟ ಆಡುದು ಬೇಡ ಅಂತ ನಾನು ಹೇಳುದಿಲ್ಲ ಮಾರಾಯ್ರೆ. ಬುಧವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ರಾತ್ರಿವರೆಗೆ ರಜೆ ಬೇಕಂತೆ ಇವರಿಗೆ, ಪ್ರತಿ ವಾರ. ಆಯ್ತು, ಶೀಲ್ಡ್ ತನ್ನಿ, ಕೊಡುವ ಅಂದೆ. ಬುಧವಾರ ಮಾಟುಂಗದಿಂದ ನನ್ನ ತಮ್ಮನ ಹೋಟೆಲಿನ ಜನ ತರಿಸಿಕೊಳ್ತೇನೆ. ಆದ್ರೆ ಆಟದ ದಿನವೂ ಸಂಜೆ ತಿಂಡಿಗೆ ಬಾಗಿಲು ತೆಗೆಯುವ ಹೊತ್ತಿಗೆ ಇಲ್ಲಿ ಒಲೆ ಉರೀತಾ ಇರ್ಬೇಕು, ಚಟ್ನಿ ಸಿದ್ಧ ಇರ್ಬೇಕು. ಶೀಲ್ಡ್ ಆಗಲಿ ಇದಾಗಲಿ, ಒಂದು ತಪ್ಪಿದ್ರೂ ಚೆಂಡು ಅಟ್ಟಕ್ಕೆ."

ದೋಸೆ ಹುಯ್ಯುತ್ತಿದ್ದ ಸೀತಾರಾಮನೇ ತಂಡದ ನಾಯಕ, ಗೋಲ್‌ಕೀಪರ್. ಅವನು ಕೈಯೊರೆಸಿಕೊಂಡು ಬಂದು ನನ್ನನ್ನು ಹಿಂದಿನ ಅಡಿಗೆಮನೆಗೆ ಕರೆದೊಯ್ದು ಉಳಿದವರನ್ನು ತೋರಿಸಿದ. ಮೂಲೆಯಲ್ಲಿ ರುಬ್ಬುವ ಕಲ್ಲಿನ ಮುಂದೆ ಮೂವತ್ತರ ಆಸುಪಾಸಿನ ಒಬ್ಬ ಕೂತಿದ್ದ. ಹೆಸರು ವಾಸು. ಅವನ ಭುಜ ನೋಡಿದರೆ ಕಲ್ಲೇ ಅವನಿಗೆ ಹೆದರಿ ತಿರುಗುತ್ತಿರಬೇಕು ಅನ್ನಿಸಿತು.

"ಇವ ನಮ್ಮ ಫಾರ್ವರ್ಡ್" ಎಂದ ಸೀತಾರಾಮ. "ಇವ ಇಲ್ಲದಿದ್ರೆ ನಾವು ಫೈನಲಿಗೆ ಬರ್ತಿರ್ಲಿಲ್ಲ."

ವಾಸು ಕಲ್ಲು ನಿಲ್ಲಿಸದೆಯೇ ಮಾತಾಡಿದ. "ಊರಲ್ಲಿ ಕೊಯ್ಲಾದ ಗದ್ದೆಯಲ್ಲಿ ಆಡಿದವ ಮೇಷ್ಟ್ರೇ ನಾನು. ಇಲ್ಲಿ ಬೆಳಗ್ಗೆ ಕೂತ್ರೆ ರಾತ್ರಿಗೆ ಏಳುದು. ಮಧ್ಯಾಹ್ನ ಸ್ವಲ್ಪ ಹೊತ್ತು ಹಿಂದಿನ ಗಲ್ಲಿಯಲ್ಲಿ ಚೆಂಡು ಒದೆಯುದು, ಅದೂ ಅವಸರದಲ್ಲಿ. ಆ ಬುಧವಾರ ಒಂದು ಸಿಕ್ಕಿದ್ರೆ ಸಾಕು. ವಾರ ಇಡೀ ರುಬ್ಬುದಕ್ಕೆ ಬೇಜಾರಿಲ್ಲ."

ರೆಫರಿಯಾದವನು ಇಂಥ ಮಾತು ಕೇಳಲೇಬಾರದಿತ್ತು. ಹೊರಗೆ ಬಂದ ಮೇಲೆ ವೆಂಕಟೇಶಯ್ಯ, "ಭಾವ, ನಾವು ಇಲ್ಲಿ ದೋಸೆ ತಿಂದದ್ದು ಭಾಂಡುಪಿನವರಿಗೆ ಗೊತ್ತಾದ್ರೆ ನಾಳೆ ಪ್ರತಿ ಸೀಟಿಗೂ ದೋಸೆ ಅಂತಾರೆ" ಎಂದ. ತಿನ್ನುವ ಮೊದಲು ಹೇಳಬೇಕಿತ್ತು. ನಾಳೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಆಡಿಸುತ್ತೇನೆಂದು ಅಲ್ಲೇ ನಿಶ್ಚಯ ಮಾಡಿದೆ.

ಭಾಂಡುಪ್: ಸನ್ಮಾನ

ಮೈದಾನ ರೈಲು ಹಳಿಯ ಪಕ್ಕದಲ್ಲಿತ್ತು. ಅದರ ಆಚೆಗೆ ಉಪ್ಪು ಬೆಳೆಯುವ ಗದ್ದೆಗಳು. ಮಳೆಗಾಲವಾದ್ದರಿಂದ ಉಪ್ಪಿಲ್ಲ, ಬರೀ ನೀರು. ಹೋಟೆಲಿನವರು ಊಟದ ಪಂಕ್ತಿ ಮುಗಿಸಿ, ವಡಾಲದಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಾಯಿಸಿ, ಓಡುತ್ತಲೇ ಬಂದು ಸೇರಿದರು. ಬಟ್ಟೆಗೆ ಇನ್ನೂ ಸಾರಿನ ವಾಸನೆ. ಬಂದವರೇ ಅಂಗಿ ಕಳಚಿ, ಬರಿಗಾಲಿಗೆ ಬಟ್ಟೆಯ ಪಟ್ಟಿ ಬಿಗಿದು ಮೈದಾನದ ನಡುವೆ ನಿಂತರು. ಅಲ್ಲಿ ಎರಡು ತಂಡದವರೂ ಬೂಟು ಹಾಕುವುದಿಲ್ಲ, ಕಣಕಾಲಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಾರೆ.

ನಾನು ಸೀಟಿ ಬಾಯಿಗಿಡುವಷ್ಟರಲ್ಲಿ ಭಾಂಡುಪಿನವರ ನಾಯಕ ಗುರುಸಿದ್ಧಪ್ಪ ಹಾರ ಹಿಡಿದು ಬಂದ. ಬೆಳಗಾವಿಯ ಕಡೆಯವನು, ಬಟ್ಟೆ ಅಂಗಡಿಯಲ್ಲಿ ಕೆಲಸ, ಒಳ್ಳೆ ಗುಂಡುಗುಂಡಗಿನ ಆಳು, ಮುಖದ ತುಂಬ ನಗು.

"ಹಂಗ ಹ್ಯಾಂಗ್ ಶುರು ಮಾಡೂದ್ರೀ ಮಾಸ್ತರ? ಮೈಸೂರ ಸೀಮ್ಯಾಗಿಂದ ಬಂದೀರಿ. ಮೊದಲ ಸತ್ಕಾರ, ಆಮ್ಯಾಲ ಆಟ."

ಒಂದು ಮೇಜು, ಒಂದು ಕುರ್ಚಿ, ಒಂದು ತೆಂಗಿನಕಾಯಿ. ಹಿರಿಯರೊಬ್ಬರು ಎದ್ದು ಮೈಸೂರಿನ ಕೀರ್ತಿಯನ್ನು ಹೊಯ್ಸಳರಿಂದ ಶುರು ಮಾಡಿದರು. ಆಮೇಲೆ ಚಹಾ, ಚುರುಮುರಿ. ಬೇಡ ಎಂದರೆ, "ನೀವು ತಗೋಳ್ಳಿಲ್ಲಂದ್ರ ನಮಗ ಬ್ಯಾಸರ ಆಗ್ತದ" ಎಂಬ ಮಾತು. ನಾನು ಅರೆನಿದ್ದೆಯಲ್ಲಿದ್ದೆ. ಯಾರೋ ನನ್ನನ್ನು ಇಷ್ಟು ಆದರಿಸಿದ್ದು ಹಿತವಾಗಿಯೂ ಇತ್ತು. ಹೋಟೆಲಿನ ಹನ್ನೊಂದು ಜನ ಮಳೆಯಲ್ಲಿ ನಿಂತು ಸ್ಟೇಷನ್ನಿನ ಕಡೆ ನೋಡುತ್ತಿದ್ದರು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಭಾಂಡುಪ್: ಆಟ

ಕೊನೆಗೂ ಆಟ ಶುರುವಾಯಿತು. ಕೆಸರು ಕಣಕಾಲು ಮುಚ್ಚುವಷ್ಟಿತ್ತು. ನೆನೆದ ಚರ್ಮದ ಚೆಂಡು ಹಲಸಿನಕಾಯಿಯಷ್ಟು ಭಾರ. ಅದನ್ನು ಸರಾಗವಾಗಿ ಒದೆಯುತ್ತಿದ್ದವನು ವಾಸು ಒಬ್ಬನೇ. ವಿರಾಮಕ್ಕೆ ಸ್ವಲ್ಪ ಮೊದಲು ಗುರುಸಿದ್ಧಪ್ಪನನ್ನು ಒಂದು ಕಡೆಗೆ ಜಾರಿಸಿ ತಾನು ಇನ್ನೊಂದು ಕಡೆ ಹೋಗಿ ಗೋಲು ಹೊಡೆದ. ಕುಣಿಯಲಿಲ್ಲ, ಕೂಗಲಿಲ್ಲ. ಎಷ್ಟು ಹೊತ್ತಾಯಿತು ಎಂದು ನನ್ನನ್ನು ಕೇಳಿದ.

ಎರಡನೆಯ ಅರ್ಧದಲ್ಲಿ ನಾನು ಜನ್ಮದಲ್ಲಿ ಕಾಣದ್ದನ್ನು ಕಂಡೆ. ನಮ್ಮೂರಲ್ಲಿ ಗೆಲ್ಲುತ್ತಿರುವವನ ಕಾಲಿಗೆ ಮಾತ್ರ ಜೋಮು ಹಿಡಿಯುತ್ತದೆ. ಸೋಲುತ್ತಿರುವವನು ಮುರಿದ ಕಾಲಿನಲ್ಲೂ ಓಡುತ್ತಾನೆ. ಇಲ್ಲಿ ಒಂದು ಗೋಲು ಹಿಂದಿದ್ದ ಭಾಂಡುಪಿನವರೇ ಹೊತ್ತು ಕಳೆಯತೊಡಗಿದರು. ಮೊದಲು ಗುರುಸಿದ್ಧಪ್ಪನ ಕಾಲಿನ ಪಟ್ಟಿ ಸಡಿಲವಾಯಿತು. ಮೈದಾನದ ನಡುವೆಯೇ ಕೂತು, ಪೂರ್ತಿ ಬಿಚ್ಚಿ, ಹಿಂಡಿ, ಒದರಿ, ಕೂಸಿಗೆ ಕುಲಾವಿ ಕಟ್ಟುವಷ್ಟು ಅಕ್ಕರೆಯಿಂದ ಸುತ್ತಿಕೊಂಡ. ಒಂದು ಕಾಲು ಮುಗಿದ ಮೇಲೆ ಇನ್ನೊಂದು. ಆಮೇಲೆ ಅವರಲ್ಲೊಬ್ಬ ಚೆಂಡನ್ನು ಉಪ್ಪಿನ ಗದ್ದೆಗೆ ಒದ್ದ. ಬೇರೆ ಚೆಂಡಿರಲಿಲ್ಲ. ತರಲು ಹೋದವನು ಗದ್ದೆಯ ಬದುವಿನ ಮೇಲೆ ಮದುವೆಗೆ ಹೊರಟವನಂತೆ ನಡೆದ. ತಂದ ಮೇಲೆ, ಉಪ್ಪುನೀರು ಕಣ್ಣಿಗೆ ಬೀಳುತ್ತದೆ, ತೊಳೆಯಬೇಕು ಎಂದು ನಲ್ಲಿಗೆ ಒಯ್ದ. ತೊಳೆದಾದ ಮೇಲೆ ಚೆಂಡಿನ ಲೇಸು ಬಿಚ್ಚಿತ್ತು.

ಆಮೇಲೆ ನಾನೊಂದು ಆಫ್‌ಸೈಡ್ ಕೊಟ್ಟೆ. ಗುರುಸಿದ್ಧಪ್ಪ ಕೈಮುಗಿದುಕೊಂಡು ಬಂದ. "ಜಗಳ ಅಲ್ರೀ ಮಾಸ್ತರ, ತಿಳಕೊಳ್ಳಾಕ ಕೇಳ್ತೀನಿ. ಈ ಆಫ್‌ಸೈಡ್ ಅಂದ್ರ ಏನ್ರೀ ಖರೇ ಅಂದ್ರ? ನಿಮ್ಮಂಥವರು ಮತ್ತ ಯಾವಾಗ ಸಿಗಬೇಕು ನಮಗ?"

ಯಾರಾದರೂ ಕಲಿಯಲು ಬಂದರೆ ನನಗೆ ತಡೆಯುವುದಕ್ಕಾಗುವುದಿಲ್ಲ, ಅದು ಹುಟ್ಟುಗುಣ. ಚೆಂಡು ಒದ್ದ ಕ್ಷಣದಲ್ಲಿ ಎದುರಾಳಿಗಳು ಇಬ್ಬರಾದರೂ ಮುಂದಿರಬೇಕು ಎಂದು ಕೆಸರಿನಲ್ಲಿ ಗೆರೆ ಎಳೆದು ತೋರಿಸಿದೆ. "ಇಬ್ಬರು ಅಂದ್ರ ಗೋಲ್‌ಕೀಪರ್‌ನ ಹಿಡದೋ, ಬಿಟ್ಟೋ?" ಎಂದ. ಹಿಡಿದು ಎಂದು ಇನ್ನೊಂದು ಗೆರೆ ಎಳೆದೆ. ಅಷ್ಟರಲ್ಲಿ ಸೀತಾರಾಮ ಗೋಲು ಬಿಟ್ಟು ಓಡಿ ಬಂದ.

"ಮೇಷ್ಟ್ರೇ, ನೀವು ಅವರಿಗೆ ಪಾಠ ಮಾಡಿ, ನಮ್ಗೆ ಲೋಕಲ್ ತಪ್ತದೆ! ಅವರಿಗೆ ಬೇಕಾದ್ದೇ ಅದು. ನಾವು ಸಂಜೆ ತಿಂಡಿಗೆ ಹೋಗಲೇಬೇಕು ಅಂತ ಅವರಿಗೆ ಗೊತ್ತುಂಟು. ನಾವು ಮೈದಾನ ಬಿಟ್ರೆ ಆಟ ರದ್ದು, ಶೀಲ್ಡ್ ಅವರ ಹತ್ರವೇ ಉಳೀತದೆ."

ಆಗ ನನಗೆ ಹಾರ, ತೆಂಗಿನಕಾಯಿ, ಹೊಯ್ಸಳರು ಎಲ್ಲ ಅರ್ಥವಾಯಿತು. ಗುರುಸಿದ್ಧಪ್ಪನಿಗೆ ಇದು ಅಸಭ್ಯ ವರ್ತನೆ, ಇನ್ನೊಮ್ಮೆ ಮಾಡಿದರೆ ಹೊರಗೆ ಕಳಿಸುತ್ತೇನೆ ಎಂದು ಎಚ್ಚರಿಕೆ ಕೊಟ್ಟೆ. "ತಪ್ಪಾತ್ರೀ" ಎಂದು ಅವನು ನನಗೆ, ನನ್ನ ಸೀಟಿಗೆ, ಎದುರಾಳಿಗಳಿಗೆ ಒಬ್ಬೊಬ್ಬರಿಗೇ ಕ್ಷಮೆ ಕೇಳಿದ. ಅದಕ್ಕೂ ಹೊತ್ತು ಹಿಡಿಯಿತು.

ಭಾಂಡುಪ್: ಉಳಿದವರು

ಕಳೆದ ಹೊತ್ತನ್ನು ಆಟಕ್ಕೆ ಸೇರಿಸಬೇಕೆಂದು ನಿಯಮ ಹೇಳುತ್ತದೆ. ಎಷ್ಟು ಸೇರಿಸಬೇಕೆಂಬುದು ರೆಫರಿಯ ವಿವೇಚನೆ. ಸೀತಾರಾಮ ಅದನ್ನೇ ಹಿಡಿದು ಬೇಡಿದ. "ಹಾಳು ಮಾಡಿದವರು ಅವರೇ. ಸೇರಿಸಬೇಡಿ ಮೇಷ್ಟ್ರೇ, ಹೊತ್ತಿಗೆ ಸರಿಯಾಗಿ ಸೀಟಿ ಊದಿ, ನಾವು ಹೊರಡ್ತೇವೆ."

ನ್ಯಾಯವಾಗಿಯೇ ಕೇಳಿದ. ಬೇರೆ ದಿನವಾಗಿದ್ದರೆ ಒಪ್ಪುತ್ತಿದ್ದೆನೋ ಏನೋ. ಆದರೆ ನಿನ್ನೆ ದೋಸೆ ತಿಂದಿದ್ದೆ. ಒಂದು ಗೋಲು ಹಿಂದಿರುವವರ ಆಟದ ಹೊತ್ತನ್ನು ನಾನೇ ಮೊಟಕು ಮಾಡಿದರೆ, ದೋಸೆಗೆ ತಕ್ಕ ಸೀಟಿ ಎಂದು ಯಾರಾದರೂ ಅನ್ನುವುದು ಖಂಡಿತ. "ಆಗಲ್ಲಪ್ಪ. ಪೂರ್ತಿ ಆಡಿಸುತ್ತೇನೆ" ಎಂದೆ.

ಸೀತಾರಾಮ ತನ್ನವರನ್ನು ಎಣಿಸಿ ನೋಡಿದ. "ಹಾಗಾದ್ರೆ ಒಂದು ಹೇಳಿ. ಕಡಿಮೆ ಅಂದ್ರೆ ಎಷ್ಟು ಜನ ಇದ್ರೆ ಆಟ ನಡೀತದೆ?"

"ಏಳು. ಅದಕ್ಕಿಂತ ಇಳಿದರೆ ಆಟ ಆಟವಲ್ಲ. ಮತ್ತೆ, ನನ್ನ ಅಪ್ಪಣೆ ಇಲ್ಲದೆ ಯಾರೂ ಮೈದಾನ ಬಿಡುವಂತಿಲ್ಲ."

"ಅಪ್ಪಣೆ ಕೊಡಿ ಹಾಗಾದ್ರೆ" ಎಂದು ಅವನು ತಿರುಗಿ ಕೂಗಿದ. "ವಾಸೂ, ಹೊರಡು!"

ಹೋಟೆಲಿಗೆ ಯಾರು ಮೊದಲು ಬೇಕೋ ಅವರು ಮೊದಲು. ಚಟ್ನಿಯಿಲ್ಲದೆ ಬಾಗಿಲು ತೆಗೆಯುವಂತಿಲ್ಲ, ಆದ್ದರಿಂದ ವಾಸು. ತಂಡದ ಒಳ್ಳೆಯ ಆಟಗಾರ, ಇದ್ದ ಒಂದು ಗೋಲನ್ನು ಹೊಡೆದವನು. ಅವನು ನನ್ನ ಮುಂದೆ ಬಂದು ಕೈಮುಗಿದು ಅಪ್ಪಣೆ ಕೇಳಿದ. ಕೊಟ್ಟೆ. ಪಟ್ಟಿಯನ್ನೂ ಬಿಚ್ಚದೆ, ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಸ್ಟೇಷನ್ನಿಗೆ ಓಡಿದ. ಓಡುತ್ತ ಓಡುತ್ತ ಹಿಂದೆ ತಿರುಗಿ ನೋಡುತ್ತಿದ್ದ. ಮುಂದಿನ ಲೋಕಲಿಗೆ ಒಲೆ ಹಚ್ಚುವವನು ಹೋದ. ಅದರ ಮುಂದಿನದಕ್ಕೆ ಕಾಫಿಯವನು, ತರಕಾರಿ ಹೆಚ್ಚುವವನು. ಪ್ರತಿಯೊಬ್ಬನೂ ಬಂದು ನನ್ನೆದುರು ಕೈಮುಗಿಯುತ್ತಿದ್ದ. ಇದೇನು ಆಟವೋ, ಯಾರದೋ ಮನೆಯಿಂದ ನೆಂಟರು ಹೊರಡುತ್ತಿದ್ದಾರೋ ಎಂದು ನನಗೆ ಸಂಕಟವಾಯಿತು. ನನ್ನ ಮೊಣಕಾಲು ಅಷ್ಟರಲ್ಲಿ ಬೆಂಕಿಯಾಗಿತ್ತು. ಎಣ್ಣೆ ಹುಬ್ಬಳ್ಳಿಯವರ ಸೊಂಟದಲ್ಲಿತ್ತು.

ಉಳಿದವರು ಏಳು ಮಂದಿ, ಎದುರಿಗೆ ಹನ್ನೊಂದು. ಇನ್ನೊಬ್ಬ ಕುಂಟಿ ಹೊರಗೆ ಬಿದ್ದರೂ ಎಲ್ಲ ಮುಗಿಯಿತು. ಏಳೂ ಜನ ಗೋಲಿನ ಮುಂದೆ ಗೋಡೆಯಾಗಿ ನಿಂತರು. ಈಗ ಭಾಂಡುಪಿನವರೂ ಪಟ್ಟಿ ಗಿಟ್ಟಿ ಎಲ್ಲ ಮರೆತು ನಿಜವಾಗಿಯೇ ಆಡಿದರು, ಚೆನ್ನಾಗಿಯೇ ಆಡಿದರು. ಮೊದಲಿಂದ ಹಾಗೆ ಆಡಿದ್ದರೆ ಗೆದ್ದೇ ಬಿಡುತ್ತಿದ್ದರು. ಸೀತಾರಾಮ ಹಿಡಿದ, ಗುದ್ದಿದ, ಒಮ್ಮೆ ಮುಖದಲ್ಲೇ ತಡೆದ. ಬಡಿಸುವ ಒಬ್ಬನ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ನಾನು ನೋಡಿದಾಗಲೆಲ್ಲ ಆ ಕಾಲನ್ನು ಕೆಸರಿನೊಳಗೆ ಅಡಗಿಸುತ್ತಿದ್ದ. ಗಡಿಯಾರ ನೋಡಿ ನೋಡಿ, ಕಳೆದ ಹೊತ್ತೆಲ್ಲ ಪೂರ್ತಿ ತೀರಿದ ಮೇಲೆಯೇ ಸೀಟಿ ಊದಿದೆ. ಹೋಟೆಲಿನವರು ಗೆದ್ದರು. ಗೆದ್ದವರು ನನ್ನ ಕಡೆ ನೋಡಲೂ ಇಲ್ಲ, ಶೀಲ್ಡನ್ನು ಕಂಕುಳಲ್ಲಿ ಹಿಡಿದು ಸ್ಟೇಷನ್ನಿಗೆ ಓಡಿದರು.

ಮತ್ತೆ ವಡಾಲ

ನಾನೂ ವೆಂಕಟೇಶಯ್ಯನೂ ಹೋಟೆಲು ತಲುಪುವಾಗ ಸಂಜೆಯ ಗಿರಾಕಿಗಳು ಬಾಗಿಲ ತನಕ ನಿಂತಿದ್ದರು. ನಮ್ಮ ಹಿಂದೆಯೇ ಗುರುಸಿದ್ಧಪ್ಪನೂ ತನ್ನ ಮೂರು ನಾಲ್ಕು ಜನರೊಂದಿಗೆ ಬಂದ. ಸೋಲಿಸಿದವರ ಹೋಟೆಲಿನಲ್ಲೇ ತಿನ್ನುವುದಕ್ಕೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. "ಆಟ ಆತು, ಇನ್ನ ಹೊಟ್ಟಿದು ನೋಡಬೇಕಲ್ರೀ" ಎಂದ. ನಮ್ಮ ಕಡೆ ಸೋತವರು ಗೆದ್ದವರ ಬೀದಿಯಲ್ಲಿ ವಾರಗಟ್ಟಲೆ ನಡೆಯುವುದಿಲ್ಲ.

ಸೀತಾರಾಮ ಕೆನ್ನೆ ಊದಿಸಿಕೊಂಡು ದೋಸೆ ಹುಯ್ಯುತ್ತಿದ್ದ. ಅವನು ಬರುವವರೆಗೆ ಉಪಾಧ್ಯರೇ ಕಾವಲಿಯ ಮುಂದೆ ನಿಂತಿದ್ದರಂತೆ. ಅವರ ಶಾಲಿನ ಮೇಲೆ ಹಿಟ್ಟು ಚೆಲ್ಲಿತ್ತು. ಶೀಲ್ಡ್ ಆಗಲೇ ದೇವರ ಪಟದ ಕೆಳಗೆ ಕೂತಿತ್ತು. ಉಪಾಧ್ಯರು ನನ್ನನ್ನು ಅಡಿಗೆಮನೆಯ ಬಾಗಿಲ ಪಕ್ಕದ ಮೇಜಿನಲ್ಲಿ ಕೂರಿಸಿ, ಕಾಫಿ ತರಿಸಿ, ಎದುರಿಗೆ ತಾವೂ ಕೂತರು.

"ಮಾತು ಅಂದ್ರೆ ಮಾತು. ಬುಧವಾರ ಕೊಟ್ಟೆ" ಎಂದರು. ಒಳಗೆ ಹರ್ಷದ ಸದ್ದು. "ಆದ್ರೆ ನನಗೊಂದು ವಿಷಯ ಗೊತ್ತಾಯ್ತು ಮೇಷ್ಟ್ರೇ. ಇವತ್ತು ಏಳೇ ಜನ ಆಡಿದ್ರಂತೆ. ನಾಲ್ಕು ಜನ ಇಲ್ಲಿ ಬಂದು ಒಲೆ ಹಚ್ಚಿ, ರುಬ್ಬಿ, ಎಲ್ಲ ಮಾಡಿದ್ರು. ಅವರಿಗೆ ಅಲ್ಲಿ ಆಟವೂ ನಡೀತು, ನನಗೆ ಇಲ್ಲಿ ಹೋಟೆಲೂ ನಡೀತು. ಹಾಗಾದ್ರೆ ಬುಧವಾರ ಏಳು ಜನ ಹೋಗಲಿ. ಈ ನಾಲ್ವರು ಇರಲಿ. ಮಾಟುಂಗದಿಂದ ಅಷ್ಟು ಜನ ತರಿಸುದೂ ಬೇಡ. ನಿಯಮದಲ್ಲಿ ಏಳು ಜನ ಸಾಕಂತಲ್ಲ, ಹೌದೋ ಅಲ್ಲವೋ? ನೀವೇ ಹೇಳಿ. ಹೇಳಿದ್ರೆ ಈಗಲೇ ಎಲ್ಲರ ಮುಂದೆ ಹಾಗೆ ಹೇಳಿಬಿಡ್ತೇನೆ."

ಅಡಿಗೆಮನೆಯಲ್ಲಿ ರುಬ್ಬುವ ಕಲ್ಲು ನಿಂತಿತು. ಬಾಗಿಲ ಸಂದಿಯಿಂದ ವಾಸುವಿನ ಬೆನ್ನು ಕಾಣುತ್ತಿತ್ತು. ಕಾಲಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅವನು ತಿರುಗಿ ನೋಡಲಿಲ್ಲ. ಹೌದು ಎಂದು ನಾನೊಂದು ಮಾತು ಹೇಳಿದರೆ, ಗೋಲು ಹೊಡೆದು ಎದ್ದು ಬಂದವನಿಗೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲ ಎನ್ನುವುದು ಸುಳ್ಳು. ಆಟದ ವಿಷಯದಲ್ಲಿ ನನ್ನ ಬಾಯಲ್ಲಿ ಸುಳ್ಳು ಹೊರಡುವುದಿಲ್ಲ. ಬಹಳ ಬೇಸರವಾಯಿತು. ಮೂರು ದಿನದ ದಣಿವು ಒಟ್ಟಿಗೆ ಬಂದು ಮೈಮೇಲೆ ಕೂತಿತು.

"ಸ್ವಲ್ಪ ಸಕ್ಕರೆ" ಎಂದೆ.

ಸಕ್ಕರೆ ಬಂತು. ಕಲಸಿದೆ. ಆರಿಸಿದೆ. ಬೂಟಿನ ಲೇಸು ಸಡಿಲವಾಗಿತ್ತು. ಬಗ್ಗಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಆಮೇಲೆ ಇನ್ನೊಂದು ಕಾಲು.

"ಏಳು ಸಾಕೋ ಮಾರಾಯ್ರೆ?" ಎಂದರು ಉಪಾಧ್ಯರು, ಬಾಗಿಲಲ್ಲಿ ನಿಂತ ಜನರ ಕಡೆ ನೋಡುತ್ತ.

"ಹಾಗೆ ಒಂದೇ ಮಾತಿನಲ್ಲಿ ಹೇಳಿದರೆ ನಿಮಗೆ ತಪ್ಪು ತಿಳುವಳಿಕೆಯಾಗುತ್ತದೆ ಉಪಾಧ್ಯರೇ. ಕ್ರಮವಾಗಿ ಬರಬೇಕು. ಮೊದಲನೆಯ ನಿಯಮ, ಮೈದಾನ. ಉದ್ದ ನೂರು ಗಜಕ್ಕೆ ಕಡಿಮೆಯಿಲ್ಲ, ನೂರಮೂವತ್ತು ಗಜಕ್ಕೆ ಮೀರುವಂತಿಲ್ಲ. ಅಗಲ ಉದ್ದಕ್ಕಿಂತ ಕಡಿಮೆಯೇ ಇರಬೇಕು. ಯಾಕೆ ಅಂತ ಕೇಳಿ."

"ಯಾಕೆ?" ಎಂದರು, ಬೇರೆ ದಾರಿಯಿಲ್ಲದೆ.

ಹೇಳಿದೆ. ಮೂಲೆಯ ಬಾವುಟದ ಕೋಲು ಐದಡಿಗೆ ಕಡಿಮೆ ಇರಬಾರದು, ತುದಿ ಚೂಪಾಗಿರಬಾರದು ಎಂದು ಮೇಜಿನ ಮೇಲೆ ಚಮಚಗಳನ್ನು ನಿಲ್ಲಿಸಿ ತೋರಿಸಿದೆ. ಗೋಲಿನ ಕಂಬಗಳಿಗೆ ಎರಡು ಲೋಟ ಇಟ್ಟೆ. ಮೂಲೆಯ ಮೇಜಿನಿಂದ ಗುರುಸಿದ್ಧಪ್ಪ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು. ಸಟ್ಟನೆ ಎದ್ದು ನಿಂತು ಗಲ್ಲಾದ ಹತ್ತಿರ ಹೋಗಿ ಗಟ್ಟಿಯಾಗಿ ಕೂಗಿದ.

"ಉಪಾಧ್ಯರ! ಎಷ್ಟೊತ್ತರೀ ಇದು? ಗಲ್ಲಾದಾಗ ಯಾರೂ ಇಲ್ಲೇನ್ರೀ? ಮಂದಿ ನಿಂತೈತಿ ಇಲ್ಲೆ!"

ಜನರೂ ದನಿಗೂಡಿಸಿದರು, ಹಿಂದಿಯಲ್ಲಿ, ಮರಾಠಿಯಲ್ಲಿ. ಉಪಾಧ್ಯರು ಅರ್ಧ ಎದ್ದರು.

"ಕೂತುಕೊಳ್ಳಿ, ಎರಡನೆಯ ನಿಯಮಕ್ಕೆ ಬಂದೆ" ಎಂದು ಅವರ ಕೈ ಹಿಡಿದೆ. "ಚೆಂಡು. ಹೊರಗಿನದು ಚರ್ಮವೇ ಆಗಿರಬೇಕು. ಸುತ್ತಳತೆ ಇಪ್ಪತ್ತೇಳು ಅಂಗುಲಕ್ಕೆ ಕಡಿಮೆಯಿಲ್ಲ..."

"ಅಯ್ಯೋ ಮಾರಾಯ್ರೆ, ಜನ ಎಷ್ಟು, ಅದೊಂದು ಹೇಳಿ!"

"ಅದು ಮೂರನೆಯ ನಿಯಮ. ಅಲ್ಲಿಗೇ ಬರುತ್ತಿದ್ದೇನೆ." ಕೆಮ್ಮಿದೆ. ನೀರು ಕೇಳಿದೆ. ನೀರು ಬಂದ ಮೇಲೆ ನಿಧಾನವಾಗಿ ಕುಡಿದೆ. "ಮೂರನೆಯ ನಿಯಮ. ಆಟವನ್ನು ಎರಡು ತಂಡಗಳು ಆಡತಕ್ಕದ್ದು. ಒಂದೊಂದು ತಂಡದಲ್ಲಿ ಹನ್ನೊಂದಕ್ಕಿಂತ ಹೆಚ್ಚಿಲ್ಲದ ಆಟಗಾರರು..."

"ಹನ್ನೊಂದು! ಅಷ್ಟು ಹೇಳುದಕ್ಕೆ ಇಷ್ಟು ಪುರಾಣವೋ?" ಉಪಾಧ್ಯರು ಶಾಲು ಕೊಡವಿ ಎದ್ದೇಬಿಟ್ಟರು. "ಆಯ್ತು, ಹನ್ನೊಂದೂ ಜನ ಹೋಗಲಿ! ಮಾಟುಂಗದಿಂದಲೇ ತರಿಸ್ತೇನೆ. ಬಂದೆ, ಬಂದೆ, ಯಾಕೆ ಕೂಗ್ತೀರಿ?"

ಅವರು ಗಲ್ಲಾದ ಕಡೆ ಓಡಿದರು. ಮೂರನೆಯ ನಿಯಮದ ಉಳಿದ ಭಾಗ, ಅದರ ಕೆಳಗಿನ ಟಿಪ್ಪಣಿಗಳು, ಆ ಏಳು ಜನರ ಮಾತು, ಎಲ್ಲ ನನ್ನ ಬಾಯಲ್ಲೇ ಉಳಿದವು. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಗುರುಸಿದ್ಧಪ್ಪ ತನ್ನ ಚಹಾದ ಬಸಿ ಹಿಡಿದುಕೊಂಡು ಬಂದು ನನ್ನ ಎದುರು ಕೂತ. "ಮಾಸ್ತರ, ಇದನ್ನ ನಾ ಮೈದಾನದಾಗ ಮಾಡಿದ್ರ ನೀವು ನನ್ನ ಹೊರಗ ಕಳಸ್ತಿದ್ರಿ" ಎಂದ ಮೆಲ್ಲಗೆ.

"ಕಳಿಸುತ್ತಿದ್ದೆ" ಎಂದೆ.

ಕಾಫಿ ಪೂರ್ತಿ ತಣ್ಣಗಾಗಿತ್ತು. ಕುಡಿದೆ. ಒಳಗೆ ವಾಸು ಇನ್ನೂ ಹಾಗೆಯೇ ಕೂತಿದ್ದ. ಆಮೇಲೆ ಬಗ್ಗಿ ಕಾಲಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ಕೊಡವಿ, ಬುಧವಾರಕ್ಕೆ ಒಣಗಲಿ ಎಂದು ಒಲೆಯ ಮೇಲಿನ ಗಳುವಿಗೆ ಹಾಕಿದ. ಕಲ್ಲು ಮತ್ತೆ ತಿರುಗತೊಡಗಿತು.